ಪ್ಲೇಯರು, ಪಿಸಿ, ವೈರು, ಕಾರ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಇದ್ದುಕೊಂಡು ಕಂಪ್ಯೂಟರ್ ಸಾಫ್ಟ್‌ವೇರ್, ಅದರ ಜೊತೆ ಬೇಕಾಗುವ ಸಣ್ಣಪುಟ್ಟ ಸಾಮಾನು, ಜೇಬಲ್ಲಿಟ್ಟುಕೊಂಡು ಹಾಡು ಕೇಳುವ ಪ್ಲೇಯರು, ಇವನ್ನೆಲ್ಲ ಬಳಸಿ ನೋಡಿ ವಿಮರ್ಶೆ ಬರೆಯುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ತಟ್ಟೆ ಇಡ್ಲಿ ತಿನ್ನೋಕೆ ಹೋದರೂ, ಮದುವೆ ಊಟಕ್ಕೆ ಕೂತರೂ ಯಾರಾದರೊಬ್ಬರು ಬಂದು ಇದರಲ್ಲಿ ಒಂದನ್ನ ಕೇಳೇ ಕೇಳುತ್ತಾರೆ. ಒಂದೇ ಸಲ ಬರೆದಿಟ್ಟರೆ ಇಬ್ಬರಿಗೂ ಅನುಕೂಲ.

ಅಣ್ಣಾ, ಈ ಕಾಲದಲ್ಲೂ ಎಂಪಿ3 ಪ್ಲೇಯರ್ ಯಾರು ತಗೋತಾರೆ? ಫೋನ್ ಇದೆಯಲ್ಲ?

ಯಾವಾಗಲೂ ಇದೇ ಮೊದಲ ಪ್ರಶ್ನೆ. ಐಪಾಡ್ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ. 5 ಜಿಬಿ ಜಾಗ, ಜೇಬಲ್ಲಿ ಸಾವಿರ ಹಾಡು ಅಂತ ಹೇಳಿ ಮಾರಿದರು. 2022ರ ಮೇ ತಿಂಗಳಲ್ಲಿ ಕೊನೆಗೆ ಉಳಿದಿದ್ದ ಐಪಾಡ್ ಟಚ್ ಕೂಡ ನಿಂತಿತು. ಅಲ್ಲಿಗೆ ಪ್ಲೇಯರುಗಳ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ಸೋನಿ ವಾಕ್‌ಮನ್ ಹೆಸರಿನ ಪ್ಲೇಯರ್ ಮಾಡುವುದನ್ನ ಬಿಡಲಿಲ್ಲ, ಚೀನಾದ ಫಿಯೋ ಥರದ ಕಂಪನಿಗಳು ಹೊಸ ಹೊಸ ಮಾದರಿ ಬಿಡುತ್ತಲೇ ಇದ್ದಾವೆ.

ಯಾರು ತಗೊಳ್ಳುತ್ತಾರೆ ಅಂತೀರಾ? ಬೆಳಗ್ಗೆ ಬೆಂಗಳೂರಿಗೆ ಹೋಗುವ ರೈಲು ಹತ್ತಿ ನೋಡಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕೈ ಆಡಿಸೋಕೂ ಜಾಗ ಇರಲ್ಲ. ಒಂದು ಕೈ ಮೇಲಿನ ಕಂಬಿ ಹಿಡಿದಿರುತ್ತದೆ, ಇನ್ನೊಂದು ಕೈ ಊಟದ ಡಬ್ಬಿ ಇರುವ ಬ್ಯಾಗನ್ನ ಎದೆಗೆ ಒತ್ತಿಕೊಂಡಿರುತ್ತದೆ. ಆಗ ಹಾಡು ಬದಲಿಸಬೇಕು ಅಂದರೆ ಫೋನ್ ತೆಗೆದು, ಬೆರಳಿಟ್ಟು, ಪರದೆ ನೋಡಿ, ಸರಿಸಿ... ಆಗದ ಮಾತು. ಗುಂಡಿ ಇರುವ ಪ್ಲೇಯರ್ ಆದರೆ ಪ್ಯಾಂಟಿನ ಜೇಬಿನ ಮೇಲಿಂದಲೇ ಹೆಬ್ಬೆರಳಲ್ಲಿ ಒತ್ತಿದರೆ ಆಯಿತು. ಗುಂಡಿ ಬಟ್ಟೆಯ ಮೇಲಿಂದ ಕೈಗೆ ಸಿಗುತ್ತದಾ ಇಲ್ಲವಾ ಅನ್ನೋದನ್ನ ನಾನು ಪ್ರತಿ ವಿಮರ್ಶೆಯಲ್ಲೂ ಮೊದಲೇ ಬರೆಯುವುದು ಇದಕ್ಕೇ. ಡಬ್ಬದ ಮೇಲೆ ಅದನ್ನ ಯಾರೂ ಅಚ್ಚು ಹಾಕಿಸಲ್ಲ.

ಇನ್ನು ಪಿಯುಸಿ ಓದುವ ಮಕ್ಕಳ ಕೈಯಿಂದ ಫೋನ್ ಕಿತ್ತಿಟ್ಟ ಅಪ್ಪ ಅಮ್ಮ ಇದ್ದಾರೆ, ಸಂಜೆ ವಚನ ಭಜನೆ ಕೇಳುವ ಹಿರಿಯರಿದ್ದಾರೆ. ಅವರಿಗೂ ಬೇಕು.

ಒಂದು ವಸ್ತುವನ್ನ ಎಷ್ಟು ದಿನ ಬಳಸಿ ಬರೀತೀರಿ?

ಕಡಿಮೆ ಅಂದರೆ ಮೂರು ವಾರ. ವೈರಿನ ಇಯರ್‌ಫೋನ್ ಆದರೆ ಎರಡು ತಿಂಗಳು, ಯಾಕಂದರೆ ಅದು ಸಾಯುವುದೇ ಆಮೇಲೆ. ಒಮ್ಮೆ ಒಂದು ಇಯರ್‌ಫೋನನ್ನ ಎಂಟೇ ದಿನ ಕೇಳಿ ಹಾಡಿ ಹೊಗಳಿ ಬರೆದೆ. ಏಳನೇ ವಾರಕ್ಕೆ ಎಡಗಡೆ ಮೂಕವಾಯಿತು. ಪಿನ್ನಿನ ಕುತ್ತಿಗೆ ಹತ್ತಿರ ವೈರು ಹಿಡಿದು ಅಲುಗಾಡಿಸಿದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ನನ್ನ ಮಾತು ಕೇಳಿ ಅದನ್ನೇ ತಗೊಂಡಿದ್ದ ನಮ್ಮ ಬೀದಿಯ ಹುಡುಗನೊಬ್ಬ ಮನೆಗೇ ಬಂದು ತೋರಿಸಿದ, ಅವನದ್ದೂ ಅಲ್ಲೇ ಹೋಗಿತ್ತು. ಆವತ್ತಿಂದ ಅವಸರ ಮಾಡಲ್ಲ. ಇಯರ್‌ಫೋನ್ ಕೈಗೆ ಬಂದರೆ ಮೊದಲು ನೋಡುವುದು ಆ ಕುತ್ತಿಗೆಯನ್ನೇ. ಮೆತ್ತನೆ ರಬ್ಬರ್ ತೋಳು ಇದೆಯಾ, ಪಿನ್ನು ಎಲ್ ಆಕಾರದಲ್ಲಿ ಬಗ್ಗಿದೆಯಾ, ವೈರು ಎರಡಾಗಿ ಸೀಳುವ ಜಾಗ ಗಟ್ಟಿ ಇದೆಯಾ.

ಸಾಫ್ಟ್‌ವೇರ್ ಆದರೆ ಹಾಕುವುದನ್ನೂ ನೋಡುತ್ತೇನೆ, ತೆಗೆಯುವುದನ್ನೂ ನೋಡುತ್ತೇನೆ. ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಮೂಲೆಯಲ್ಲಿ ಕೂತು ಪಿಸಿ ಆನ್ ಆದಾಗಲೆಲ್ಲ ಎದ್ದು ಬರುವ ಪ್ರೋಗ್ರಾಂಗಳಿದ್ದಾವೆ. ಮದುವೆ ಮುಗಿದು ತಿಂಗಳಾದರೂ ಹೊರಡದ ನೆಂಟರ ಥರ.

ಎರಡು ಇಯರ್‌ಫೋನ್‌ಗಳನ್ನ ಹೇಗೆ ಹೋಲಿಸಿ ನೋಡ್ತೀರಿ?

ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ. ಇದು ಬಹಳ ಮುಖ್ಯ, ಇದನ್ನ ಬಿಟ್ಟರೆ ಹೋಲಿಕೆಯೇ ಸುಳ್ಳು. ಸ್ವಲ್ಪ ಜೋರಾಗಿ ಕೇಳಿದ್ದು ಎಲ್ಲರ ಕಿವಿಗೂ ಚೆನ್ನಾಗಿದೆ ಅನ್ನಿಸುತ್ತದೆ, ಅಂಗಡಿಯವರಿಗೂ ಇದು ಗೊತ್ತು. ಆಮೇಲೆ ಗೊತ್ತಿರುವ ನಾಲ್ಕೈದು ಹಾಡು, ಅವೇ ಹಾಡು, ಪ್ರತಿ ಸಲವೂ. ನಾದಸ್ವರ ಇರುವುದೊಂದು, ಬರೀ ತಂಬೂರಿ ಮತ್ತು ದನಿ ಇರುವುದೊಂದು, ತಮಟೆ ಇರುವುದೊಂದು. ತಮಟೆಯ ಮೊದಲ ಏಟು ಬಿಗಿಯಾಗಿ ಬೀಳಬೇಕು. ಗುಂಯ್ ಅಂತ ಹರಡಿಕೊಂಡರೆ ಡಬ್ಬದ ಮೇಲೆ ಎಷ್ಟೇ ದೊಡ್ಡದಾಗಿ ಬೇಸ್ ಅಂತ ಬರೆದಿದ್ದರೂ ಪ್ರಯೋಜನವಿಲ್ಲ.

ಕೊನೆಗೆ ರೈಲಿನಲ್ಲಿ. ಕಿವಿಯೊಳಗೆ ಸರಿಯಾಗಿ ಕೂರದ ಇಯರ್‌ಫೋನಲ್ಲಿ ರೈಲಿನ ಸದ್ದು ಮೀರಿಸೋಕೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ, ಯಶವಂತಪುರದಲ್ಲಿ ಇಳಿಯುವಾಗ ಕಿವಿ ಕುಯ್ ಅನ್ನುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಸದ್ದು ಏರಿದಷ್ಟೂ ಗಂಟೆ ಬೇಗ ಕರಗುತ್ತದೆ. ಹಾಗಾಗಿ ಕೂರುವ ರಬ್ಬರ್ ಟಿಪ್ಪು ಚೆನ್ನಾಗಿದ್ದರೆ ನನ್ನ ಲೆಕ್ಕದಲ್ಲಿ ಅರ್ಧ ಗೆದ್ದ ಹಾಗೆ.

ಕಂಪನಿಯವರು ದುಡ್ಡು ಕೊಡ್ತಾರಾ, ನಿಜ ಹೇಳಿ?

ಇಲ್ಲ. ಸಾಮಾನು ಕಳಿಸಿದರೆ ಕಳಿಸಿದ್ದಾರೆ ಅಂತ ಮೊದಲ ಸಾಲಲ್ಲೇ ಬರೆಯುತ್ತೇನೆ, ಆಮೇಲೆ ವಾಪಸ್ ಕಳಿಸುತ್ತೇನೆ. 2022ರಲ್ಲಿ ಕೇಂದ್ರ ಸರ್ಕಾರ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ತಂದ ಮಾರ್ಗಸೂಚಿಯಲ್ಲೂ ಇದೇ ಇದೆ, ಕಂಪನಿಯ ಜೊತೆ ಕೊಡು ತಗೊಳ್ಳುವ ನಂಟಿದ್ದರೆ ಹೇಳಿಕೊಳ್ಳಬೇಕು. ಅದೇ ವರ್ಷ ಸಾಮಾನಿನ ಗುಣಮಟ್ಟದ ಮಾನದಂಡ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ ಆನ್‌ಲೈನ್ ವಿಮರ್ಶೆಗಳಿಗೆ ಅಂತಲೇ ಐಎಸ್ 19000 ಅನ್ನೋ ಮಾನದಂಡ ತಂದಿತು. ಆದರೂ ಒಮ್ಮೆ ನಾನೇ ದುಡ್ಡು ಕೊಟ್ಟು ತರಿಸಿದ ಒಂದು ಚಾರ್ಜಿಂಗ್ ಕೇಬಲ್ಲಿನ ಡಬ್ಬದೊಳಗೆ ಚೀಟಿ ಇತ್ತು, ಐದು ಸ್ಟಾರ್ ಹಾಕಿ ಫೋಟೋ ಕಳಿಸಿದರೆ ನೂರು ರೂಪಾಯಿ ವಾಪಸ್ ಅಂತ. ಕೇಬಲ್ಲಿನ ಬೆಲೆ ಇನ್ನೂರೈವತ್ತು. ಯೋಚನೆ ಮಾಡಿ, ಇನ್ನು ಆ ಐದು ಸ್ಟಾರ್‌ಗಳ ಸಾಲನ್ನ ನಂಬೋದು ಹೇಗೆ?

ಅದಕ್ಕೇನಾ ನೀವು ಸ್ಟಾರ್ ಹಾಕಲ್ಲ?

ಹೂಂ.

ಸಾರ್, 64 ಜಿಬಿ ಕಾರ್ಡ್ ತಂದೆ, ಕಂಪ್ಯೂಟರ್‌ನಲ್ಲಿ 59 ಅಂತ ತೋರಿಸ್ತಿದೆ. ಮೋಸ ಅಲ್ವಾ?

ಇದು ಮೋಸ ಅಲ್ಲ, ಎರಡು ಥರದ ಅಳತೆ. ಕಾರ್ಡ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 64 ಅನ್ನೋದು ಅಲ್ಲಿ 59.6 ಆಗುತ್ತದೆ. ಹಳೇ ಸೇರಿನಲ್ಲಿ ಅಳೆದು ಕೊಟ್ಟ ರಾಗಿಯನ್ನ ಕೇಜಿಯಲ್ಲಿ ತೂಗಿದ ಹಾಗೆ.

ನಿಜವಾದ ಮೋಸ ಬೇರೆ ಇದೆ, ಅದು ಮೊದಲ ದಿನ ಗೊತ್ತೇ ಆಗಲ್ಲ. ನಮ್ಮ ಚಿಕ್ಕಮ್ಮ ರಸ್ತೆ ಬದಿಯಲ್ಲಿ ಒಂದು ಕಾರ್ಡ್ ತಗೊಂಡರು, ಮೇಲೆ 512 ಅಂತ ಅಚ್ಚಾಗಿತ್ತು, ಬೆಲೆ ಮುನ್ನೂರು. ಕಂಪ್ಯೂಟರೂ 476 ಜಿಬಿ ಅಂತಲೇ ತೋರಿಸಿತು. ಹಾಡು ತುಂಬಿಸಿದರು. ಮೊದಲಿನವೆಲ್ಲ ಚೆನ್ನಾಗಿಯೇ ಹಾಡಿದವು, ಆಮೇಲೆ ಹಾಕಿದವು ಹೆಸರು ಮಾತ್ರ ಕಾಣಿಸುತ್ತಿದ್ದವು, ಒತ್ತಿದರೆ ಸದ್ದಿಲ್ಲ. ನಾನು ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಟ್ಟ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲ ಓಡಲು ಬಿಟ್ಟೆ. ಅದು ಕಾರ್ಡಿನ ತುಂಬಾ ತನ್ನದೇ ಫೈಲ್ ಬರೆದು, ಮತ್ತೆ ಓದಿ, ಬರೆದಿದ್ದೇ ಬಂತಾ ಅಂತ ತಾಳೆ ನೋಡುತ್ತದೆ. ಬೆಳಗ್ಗೆ ನೋಡಿದರೆ ಒಳಗಿದ್ದದ್ದು 16 ಜಿಬಿಗಿಂತ ಕಡಿಮೆ. ಮಿಕ್ಕಿದ್ದೆಲ್ಲ ಬರೀ ಬೋರ್ಡು. ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಇದೇ ಕೆಲಸಕ್ಕೆ ಎಫ್3 ಇದೆ. ಎರಡೂ ಪುಕ್ಕಟೆ. ಹೊಸ ಕಾರ್ಡು, ಹೊಸ ಪೆನ್‌ಡ್ರೈವು ಏನೇ ತಂದರೂ ಬಿಲ್ಲು ಹಾಳು ಮಾಡುವ ಮೊದಲು ಇದನ್ನ ಓಡಿಸಿ.

ಇನ್ನೊಂದು ಮಾತು. ಹಳೇ ಪ್ಲೇಯರುಗಳು 32 ಜಿಬಿವರೆಗಿನ ಕಾರ್ಡ್ ಮಾತ್ರ ಹಿಡಿಯುವುದುಂಟು. 64 ಮತ್ತು ಅದಕ್ಕಿಂತ ದೊಡ್ಡವು ಫೈಲ್ ಜೋಡಿಸಿಡುವ ಹೊಸ ಕ್ರಮವಾದ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಆ ಪ್ಲೇಯರ್‌ಗೆ ಗೊತ್ತಿರುವುದು ಹಳೇ ಕ್ರಮವಾದ ಫ್ಯಾಟ್32 ಮಾತ್ರ. ಕಾರ್ಡ್ ಕೆಟ್ಟಿದೆ ಅಂತ ಎಸೆಯಬೇಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ನೋಡಿ. ಸುಮಾರು ಸಲ ಎದ್ದು ಕೂರುತ್ತದೆ.

128, 320, ಫ್ಲ್ಯಾಕ್... ಯಾವುದು ಹಾಕ್ಕೊಳ್ಳಲಿ?

128, 320 ಅನ್ನೋದು ಒಂದು ಸೆಕೆಂಡಿನ ಹಾಡಿಗೆ ಎಷ್ಟು ಕಿಲೋಬಿಟ್ ಮಾಹಿತಿ ಇಡುತ್ತೇವೆ ಅನ್ನೋ ಲೆಕ್ಕ, ಅದೇ ಕೆಬಿಪಿಎಸ್. ಐದು ನಿಮಿಷದ ಹಾಡು 128 ಕೆಬಿಪಿಎಸ್‌ನಲ್ಲಿ ಸುಮಾರು 5 ಎಂಬಿ, 320ರಲ್ಲಿ 12 ಎಂಬಿ, ಸಿಡಿಯಿಂದ ಹಾಗೇ ತೆಗೆದರೆ 50 ಎಂಬಿ ದಾಟುತ್ತದೆ. ಫ್ಲ್ಯಾಕ್ ಆ ಸಿಡಿಯದ್ದನ್ನೇ ಏನೂ ಕಳೆಯದೆ ಮಡಚಿ ಇಡುತ್ತದೆ, ಹಾಡು ನೋಡಿಕೊಂಡು ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಆಗುತ್ತದೆ. ರೈಲಿನಲ್ಲಿ ಕೇಳೋಕೆ 320 ಸಾಕೋ ಸಾಕು. 32 ಜಿಬಿಯಲ್ಲಿ ಎರಡೂವರೆ ಸಾವಿರ ಹಾಡು ಹಿಡಿಯುತ್ತದೆ, ಅಷ್ಟು ಹಾಡು ಹುಡುಕಿ ತುಂಬುವುದೇ ಕಷ್ಟ. ಆದರೆ ಮನೆಯ ಪಿಸಿಯಲ್ಲಿ ಒಂದು ಫ್ಲ್ಯಾಕ್ ಪ್ರತಿ ಇಟ್ಟುಕೊಳ್ಳಿ. 128ರಲ್ಲಿರುವುದನ್ನ 320ಕ್ಕೆ ಬದಲಿಸಿ ಚೆನ್ನಾಯಿತು ಅಂತ ಹೇಳುವವರು ಇದ್ದಾರೆ. ಮಜ್ಜಿಗೆಯನ್ನ ದೊಡ್ಡ ಪಾತ್ರೆಗೆ ಬಗ್ಗಿಸಿದರೆ ಮೊಸರಾಗುತ್ತಾ?

ಪ್ಲೇಯರ್‌ನಲ್ಲಿ ಕನ್ನಡ ಹಾಡಿನ ಹೆಸರೆಲ್ಲ ಚೌಕ ಚೌಕ ಬರುತ್ತೆ. ಏನ್ಮಾಡೋದು?

ನನಗೆ ಬಹಳ ಇಷ್ಟದ ಪ್ರಶ್ನೆ, ಸಿಟ್ಟು ಬರಿಸುವ ಪ್ರಶ್ನೆಯೂ ಇದೇ. ಮೂರು ಥರದ ಕಾಯಿಲೆ ಇದೆ, ಮೂರಕ್ಕೂ ಮದ್ದು ಬೇರೆ.

ಚೌಕ ಬಂದರೆ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಕಂಪನಿಯವರೇ ಹೊಸ ಫರ್ಮ್‌ವೇರ್, ಅಂದರೆ ಪ್ಲೇಯರನ್ನ ನಡೆಸುವ ಒಳಗಿನ ಸಾಫ್ಟ್‌ವೇರ್, ಕೊಟ್ಟರೆ ಉಂಟು. ಇಲ್ಲದಿದ್ದರೆ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದೇ ಗತಿ.

ಅಕ್ಷರ ಬಂದರೂ ಒತ್ತು ಕೆಳಗೆ ಕೂರದೆ ಬಿಡಿ ಬಿಡಿಯಾಗಿ ನಿಲ್ಲುವುದು ಎರಡನೇದು. ಅಕ್ಕಮಹಾದೇವಿ ಅನ್ನುವುದು ಅಕ್‌ಕಮಹಾದೇವಿ ಆಗುತ್ತದೆ, ಭಕ್ತಿ ಅನ್ನುವುದು ಭಕ್‌ತಿ ಆಗುತ್ತದೆ. ಫಾಂಟ್ ಹಾಕಿದ್ದಾರೆ, ಒತ್ತಕ್ಷರ ಜೋಡಿಸುವ ಕೆಲಸ ಮಾತ್ರ ಕಲಿಸಿಲ್ಲ. ಯೂನಿಕೋಡ್‌ನಲ್ಲಿ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಇಷ್ಟು ವರ್ಷ ಆದಮೇಲೂ ಹೀಗೆ ಮಾರುತ್ತಾರಲ್ಲ ಅಂತ ನನಗೆ ಬೇಜಾರು. ಪ್ಲೇಯರ್ ಎಷ್ಟೇ ಚೆನ್ನಾಗಿ ಹಾಡಲಿ, ಈ ಒಂದು ಕಾರಣಕ್ಕೆ ವಿಮರ್ಶೆಯಲ್ಲಿ ಒಂದು ಪ್ಯಾರಾ ಬೈದೇ ಬೈಯುತ್ತೇನೆ.

ಮೂರನೇದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕೆ, ಗೀಟು. ಯಾರೋ ಹಳೇ ನುಡಿ ಅಥವಾ ಹಳೇ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫಾಂಟಿನಲ್ಲಿ ಹೆಸರು ಹೊಡೆದಿದ್ದಾರೆ. ಆ ಕಾಲದಲ್ಲಿ ಅಕ್ಷರಗಳನ್ನ ಯೂನಿಕೋಡ್ ಜಾಗದಲ್ಲಿ ಇಡದೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕೂರಿಸಿದ್ದರು, ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಪಿಸಿಯಲ್ಲಿ ಟ್ಯಾಗ್ (ಫೈಲಿನೊಳಗಿನ ಹೆಸರಿನ ಚೀಟಿ) ತಿದ್ದುವ ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಹೆಸರನ್ನ ಯೂನಿಕೋಡ್‌ಗೆ ಬದಲಿಸಿ ಹೊಸದಾಗಿ ಬರೆಯಿರಿ. ಉಳಿಸುವಾಗ ಟ್ಯಾಗಿನ ಮಾದರಿ ಐಡಿ3ವಿ2.3, ಅಕ್ಷರ ಬರೆದಿಡುವ ರೀತಿ ಯುಟಿಎಫ್-16 ಅಂತ ಆಯ್ದುಕೊಳ್ಳಿ, ಹೆಚ್ಚಿನ ಪ್ಲೇಯರುಗಳು ಇದನ್ನ ಓದುತ್ತವೆ. ಐಡಿ3ವಿ1 ಅನ್ನೋ ಹಳೇ ಟ್ಯಾಗನ್ನ ತೆಗೆದುಬಿಡಿ. ಅದರಲ್ಲಿ ಹಾಡಿನ ಹೆಸರಿಗೆ ಇರುವುದೇ 30 ಬೈಟ್, ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಗುಣಿತದ ಗುರುತಿಗೂ ಒತ್ತಿಗೂ ಬೇರೆ ಬೇರೆ. ಹತ್ತು ಚಿಹ್ನೆಗೇ ಹೆಸರು ಕತ್ತರಿಸಿ ಹೋಗುತ್ತದೆ.

ಅಪ್ಪನ ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಹಾಕ್ಕೋಬೇಕು. ಯಾವ ಸಾಫ್ಟ್‌ವೇರ್ ಒಳ್ಳೇದು?

ಸಾಫ್ಟ್‌ವೇರ್ ಕೊನೆಗೆ ಬರುವ ಮಾತು. ಆಡಾಸಿಟಿ ಸಾಕು, 2000ದಿಂದ ಇದೆ, ಪುಕ್ಕಟೆ. ಮೊದಲು ಟೇಪ್ ರೆಕಾರ್ಡರ್ ಕಡೆ ನೋಡಿ.

ನಮ್ಮ ಮನೆಯಲ್ಲಿ ಒಂದು 90 ನಿಮಿಷದ ಕ್ಯಾಸೆಟ್ ಇತ್ತು. ಊರ ಜಾತ್ರೆಯಲ್ಲಿ ಆಡಿದ ಪೌರಾಣಿಕ ನಾಟಕ, ದೊಡ್ಡಪ್ಪನದ್ದು ದುರ್ಯೋಧನನ ಪಾತ್ರ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ಇಲ್ಲಿ ಪ್ರತಿ ಹಳ್ಳಿಯಲ್ಲೂ ಒಬ್ಬ ದುರ್ಯೋಧನ ಇದ್ದೇ ಇರುತ್ತಾನೆ, ಹಾಗಾಗಿ ಇಂಥ ಕ್ಯಾಸೆಟ್ ನಿಮ್ಮ ಅಟ್ಟದಲ್ಲೂ ಇರಬಹುದು. ಹಾಕಿದರೆ ದನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕು ಮಂಕು. ಮೂರು ಕೆಲಸ ಮಾಡಿದೆ. ಪೆನ್ಸಿಲ್ ತೂರಿಸಿ ರೀಲನ್ನ ಕೈಯಲ್ಲೇ ಸ್ವಲ್ಪ ಸುತ್ತಿ ಸಡಿಲ ತೆಗೆದೆ. ಟೇಪಿಗೆ ತಾಗಿ ಸದ್ದು ಓದುವ ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಮೂರನೇ ಸಲಕ್ಕೆ ಬೆಳ್ಳಗೆ ಬಂತು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನ ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿದೆ. ಒಂದು ಕಡೆ ತಿರುಗಿಸಿದರೆ ಇನ್ನೂ ಮಂಕು, ಇನ್ನೊಂದು ಕಡೆ ತಿರುಗಿಸಿದಾಗ ಹಾರ್ಮೋನಿಯಂ ದಿಢೀರ್ ಅಂತ ಎದುರಿಗೆ ಬಂದು ಕೂತಿತು, ಹಿಂದೆ ಯಾರೋ ಕೆಮ್ಮಿದ್ದೂ ಕೇಳಿಸಿತು. ಆ ಒಂದು ಸ್ಕ್ರೂ ಮಾಡಿದ್ದನ್ನ ಯಾವ ಸಾಫ್ಟ್‌ವೇರಿನ ಫಿಲ್ಟರೂ ಆಮೇಲೆ ಮಾಡಲಾರದು.

ಇನ್ನು ವೈರು. ಲ್ಯಾಪ್‌ಟಾಪಿನ ಪಕ್ಕ ಇರುವ ಒಂದೇ ತೂತು ಸಾಮಾನ್ಯವಾಗಿ ಹೆಡ್‌ಫೋನು, ಮೈಕು ಎರಡಕ್ಕೂ ಸೇರಿದ್ದು, ಒಳಗೆ ತಗೊಳ್ಳುವುದು ಮೈಕಿನ ಸದ್ದು, ಅದೂ ಹೆಚ್ಚಾಗಿ ಮೋನೋ, ಅಂದರೆ ಎಡ ಬಲ ಬೇರೆ ಇಲ್ಲ. ಅದಕ್ಕೆ ಟೇಪಿನ ಸದ್ದು ಕೊಟ್ಟರೆ ಒಡೆದು ಬರುತ್ತದೆ. ಟೇಪ್ ಥರದ ಸಾಧನದ ಸದ್ದು ತಗೊಳ್ಳೋಕೆ ಅಂತಲೇ ಇರುವ ಲೈನ್ ಇನ್ ತೂತಿನ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಪೆಟ್ಟಿಗೆ ಪಿಸಿಯಾದರೆ ಹಿಂದುಗಡೆ ನೀಲಿ ಬಣ್ಣದ ತೂತೇ ಲೈನ್ ಇನ್. 44.1 ಕಿಲೋಹರ್ಟ್ಸ್, 16 ಬಿಟ್ ಸಾಕು, ಒಂದು ಗಂಟೆಗೆ ಸುಮಾರು 600 ಎಂಬಿ. ಅತಿ ಜೋರಾದ ಕಡೆಯೂ ಮೀಟರ್ ಕೆಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ನಾಟಕದಲ್ಲಿ ಭೀಮ ಬಂದಾಗ ಒಮ್ಮೆ ಕೂಗೇ ಕೂಗುತ್ತಾನೆ, ಆ ಜಾಗಕ್ಕೆ ಮೊದಲೇ ಓಡಿಸಿ ಮಟ್ಟ ಇಟ್ಟುಕೊಳ್ಳಿ. ಹಿಂದಿನ ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಬೇಡಿ, ದನಿ ನೀರೊಳಗೆ ಮುಳುಗಿದ ಹಾಗಾಗುತ್ತದೆ. ಸುಯ್ ಅನ್ನೋದು ಸ್ವಲ್ಪ ಇರಲಿ ಬಿಡಿ.

ಹಳೇ ಐಪಾಡ್ ಸಿಕ್ಕಿದೆ. ಒಳಗಿನ ಹಾಡು ಈಚೆ ತೆಗೀಬಹುದಾ?

ಮೊದಲು ಬ್ಯಾಟರಿ ಉಬ್ಬಿದೆಯಾ ನೋಡಿ. ಬೆನ್ನು ಅಥವಾ ಪರದೆ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಸರಿ ಇದ್ದರೆ ವಿಂಡೋಸ್ ಪಿಸಿಗೆ ಸಿಕ್ಕಿಸಿ, ಮರೆಯಾದ ಫೋಲ್ಡರ್‌ಗಳು ಕಾಣುವ ಹಾಗೆ ಮಾಡಿಕೊಳ್ಳಿ. ಡಿಸ್ಕ್ ಆಗಿ ತೆರೆದುಕೊಳ್ಳುವ ಕ್ಲಾಸಿಕ್, ನ್ಯಾನೋ ಮಾದರಿಗಳಲ್ಲಿ ಐಪಾಡ್ ಕಂಟ್ರೋಲ್ ಅನ್ನೋ ಫೋಲ್ಡರಿನಲ್ಲಿ ಹಾಡೆಲ್ಲ ಇರುತ್ತವೆ, ಹೆಸರು ಮಾತ್ರ ನಾಲ್ಕಕ್ಷರದ ಗೊಂದಲ. ಗಾಬರಿ ಬೇಡ. ಪಿಸಿಗೆ ಕಾಪಿ ಮಾಡಿಕೊಂಡು ಎಂಪಿ3ಟ್ಯಾಗ್‌ನಲ್ಲಿ ತೆರೆದರೆ ಫೈಲಿನ ಹೊಟ್ಟೆಯಲ್ಲಿರುವ ನಿಜವಾದ ಹೆಸರು ಕಾಣುತ್ತದೆ, ಅದರಿಂದಲೇ ಒಂದೇ ಏಟಿಗೆ ಎಲ್ಲಕ್ಕೂ ಹೆಸರಿಡಬಹುದು. ಐಪಾಡ್ ಟಚ್‌ಗೆ ಈ ದಾರಿ ನಡೆಯಲ್ಲ.

ಪಿಸಿಗೆ ಯುಪಿಎಸ್ ಬೇಕೇ ಬೇಕಾ?

ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ಆದರೂ ಮಳೆಗಾಲದ ಸಂಜೆ ಗುಡುಗಿದರೆ ಮೊದಲು ಕರೆಂಟು, ಆಮೇಲೆ ಮಳೆ. ಪೆಟ್ಟಿಗೆ ಪಿಸಿಗೆ 600 ವಿಎ ಯುಪಿಎಸ್ ಹಾಕಿ. ಅದು ಸಿನಿಮಾ ನೋಡೋಕಲ್ಲ, ಕೆಲಸ ಉಳಿಸಿ ಆಫ್ ಮಾಡೋಕೆ. ಲೇಸರ್ ಪ್ರಿಂಟರನ್ನ ಅದಕ್ಕೆ ಸಿಕ್ಕಿಸಬೇಡಿ. ಗೋಡೆಯ ಪ್ಲಗ್ಗಿನಲ್ಲಿ ಅರ್ತ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಅದಿಲ್ಲದೆ ದುಬಾರಿ ಸ್ಪೈಕ್ ಬಸ್ಟರ್ ಹಾಕಿದರೂ ಪೂರ್ತಿ ಕೆಲಸ ಮಾಡಲ್ಲ. ಹೆಡ್‌ಫೋನ್‌ನಲ್ಲಿ ಗೊಂಯ್ ಅಂತ ಸದ್ದು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಸದ್ದು ನಿಲ್ಲುತ್ತದೆ ಅಂದರೆ ಅದೂ ಹೆಚ್ಚಾಗಿ ಅರ್ತ್ ಅಥವಾ ಚಾರ್ಜರಿನದ್ದೇ ತಕರಾರು, ಹೆಡ್‌ಫೋನಿನದ್ದಲ್ಲ.

ಚಾರ್ಜರ್, ಪವರ್ ಬ್ಯಾಂಕ್ ತಗೊಳ್ಳುವಾಗ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು, ನಾಚಿಕೆ ಯಾಕೆ?

ಪಿಸಿ ಸ್ಪೀಡ್ ಮಾಡೋ ಸಾಫ್ಟ್‌ವೇರ್ ಯಾವುದು ಒಳ್ಳೇದು ಗುರು?

ಯಾವುದೂ ಇಲ್ಲ. ಹಳೇ ಹಾರ್ಡ್‌ ಡಿಸ್ಕ್ ತೆಗೆಸಿ ತಿರುಗುವ ಭಾಗವಿಲ್ಲದ ವೇಗದ ಡಿಸ್ಕು, ಅಂದರೆ ಎಸ್‌ಎಸ್‌ಡಿ ಹಾಕಿಸಿ, ಅಷ್ಟೇ. ಆಂಟಿವೈರಸ್‌ಗೂ ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಅಪ್‌ಡೇಟ್ ನಿಲ್ಲಿಸದಿದ್ದರೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಕೆ ಟಿಪಿಎಂ 2.0 ಅನ್ನೋ ಭದ್ರತೆಯ ವ್ಯವಸ್ಥೆ ಪಿಸಿಯಲ್ಲಿ ಬೇಕು, ಹಳೇ ಪಿಸಿಗಳಲ್ಲಿ ಇರಲ್ಲ. ಅಂಥದ್ದಕ್ಕೆ ಲಿನಕ್ಸ್ ಹಾಕಿ ಹಾಡು ಕೇಳೋಕೆ ಇಟ್ಟುಕೊಳ್ಳಬಹುದು, ನಮ್ಮ ಮನೆಯಲ್ಲಿ ಹಾಗೇ ಒಂದು ಇದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಗ್ಗೆ ಕೇಳಬೇಡಿ.

ತುಮಕೂರಲ್ಲೇ ತಗೊಳ್ಳೋದಾ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋದಾ?

ಎಂಟು ಹತ್ತು ಸಾವಿರದ ಸಾಮಾನಾದರೆ ಹೋಗಿ. ಇನ್ನೂರು ರೂಪಾಯಿ ಕೇಬಲ್ಲಿಗೆ 70 ಕಿಲೋಮೀಟರ್ ಯಾಕೆ? ಇಲ್ಲಿನ ಎಂಜಿ ರೋಡ್, ಬಿಎಚ್ ರೋಡ್ ಅಂಗಡಿಗಳಲ್ಲಿ ನಾಲ್ಕು ಕಾಸು ಜಾಸ್ತಿ ಆದರೂ ಕೆಟ್ಟರೆ ಹೋಗಿ ಕೇಳುವುದಕ್ಕೆ ಒಂದು ಮುಖ ಇರುತ್ತದೆ. ಎಲ್ಲೇ ತಗೊಂಡರೂ ಬಿಲ್ಲು ಇಸ್ಕೊಳ್ಳಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಕ್ಷರ ಕೆಲವು ತಿಂಗಳಿಗೆ ಮಾಸಿ ಬಿಳಿ ಹಾಳೆ ಆಗುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನನ್ನ ಪ್ಲೇಯರ್ ಕೆಟ್ಟಿದೆ, ತಂದರೆ ರಿಪೇರಿ ಮಾಡ್ಕೊಡ್ತೀರಾ?

ಇಲ್ಲಪ್ಪ, ರಿಪೇರಿ ನನಗೆ ಬರಲ್ಲ. ತರುವ ಮೊದಲು ಬೇರೆ ಕೇಬಲ್ಲು, ಬೇರೆ ಕಾರ್ಡು, ಬೇರೆ ಇಯರ್‌ಫೋನ್ ಹಾಕಿ ನೋಡಿ. ಕೇಬಲ್ ಪೂರ್ತಿ ಒಳಗೆ ಹೋಗದಿದ್ದರೆ ಪ್ಲೇಯರ್ ಆಫ್ ಮಾಡಿ, ಚಾರ್ಜಿಂಗ್ ತೂತಿನಲ್ಲಿ ಕೂತಿರುವ, ಜೇಬಿನಿಂದ ಬಂದ ಬೂದಿ ಬಣ್ಣದ ಹಿಂಜನ್ನ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ. ಪಿನ್ನು ಬೇಡ. ಹೋದ ತಿಂಗಳು ಬಂದ ನಾಲ್ಕು ಪ್ಲೇಯರುಗಳಲ್ಲಿ ಮೂರರದ್ದು ಅದೇ ಕಾಯಿಲೆ.